ಐದು ಮಾರು ತಂತಿ

ಕರೆಂಟ್ ಒಲೆಗೆ ಕಾಯಿಲ್ ಸುತ್ತುವುದರಲ್ಲಿ ಅವನದು ಎತ್ತಿದ ಕೈ. ಎರಡೂ ತೋಳು ಚಾಚಿ ಐದು ಮಾರು ತಂತಿ ಅಳೆದು ಸುತ್ತಿದನೆಂದರೆ ಸಾವಿರ ವ್ಯಾಟಿನ ಕಾಯಿಲ್ ಸಿದ್ಧ. ಮೂವತ್ತು ವರ್ಷಗಳಲ್ಲಿ ಅವನ ಅಂಗಡಿಗೆ ಅಳತೆಪಟ್ಟಿ ಕಾಲಿಟ್ಟಿದ್ದೇ ಇಲ್ಲ. ಬೀದಿಯವರೆಲ್ಲ ಅವನನ್ನು ಐದುಮಾರು ಎಂದೇ ಕರೆಯುತ್ತಿದ್ದರು. ಕೋಪ ಸದಾ ಮೂಗಿನ ತುದಿಯಲ್ಲಿದ್ದರೂ ಆ ಹೆಸರಿಗೆ ಮಾತ್ರ ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಒಂದು ಬೆಳಿಗ್ಗೆ ಮೇಣದಬತ್ತಿ ಮಾಡುವಾಕೆ ತನ್ನ ಒಲೆಯನ್ನೂ ಸುಟ್ಟುಹೋದ ಎರಡು ಕಾಯಿಲುಗಳನ್ನೂ ತಂದು ಮೇಜಿನ ಮೇಲೆ ಕುಕ್ಕಿದಳು.

"ಅಣ್ಣಾ, ಎರಡು ತಿಂಗಳಲ್ಲಿ ಎರಡು ಹೋದ್ವು. ನಿನ್ನೆ ಮೇಣ ಹೊಗೆಯಾಡ್ತು, ಇನ್ನೊಂಚೂರಾಗಿದ್ರೆ ಬೆಂಕಿ ಹತ್ಕೊಳ್ತಿತ್ತು. ಈ ಸಲಾನೂ ಹೀಗೇ ಆದ್ರೆ ನಾನು ಬೇರೆ ಕಡೆ ನೋಡ್ಕೋತೀನಿ."

ಅವಳೆದುರೇ ಹೊಸ ಕಾಯಿಲ್ ಸುತ್ತಿ, ಒಲೆಗೆ ಕೂರಿಸಿ, ಮೀಟರ್ ಹಚ್ಚಿದ. ವೋಲ್ಟೇಜ್ ಇನ್ನೂರ ಮೂವತ್ತು. ಕಾಯಿಲ್ ಕೆಂಪಗಾದ ಮೇಲೆ ಕರೆಂಟ್ ಐದು ಆಂಪಿಯರ್. ರಟ್ಟಿನ ಚೂರಿನ ಮೇಲೆ ಭಾಗಿಸಿದ: ತಂತಿಯ ತಡೆ ನಲವತ್ತಾರು ಓಮ್. ಇರಬೇಕಾದದ್ದು ಐವತ್ತಮೂರು. ಗುಣಿಸಿದ: ಸಾವಿರದ ನೂರೈವತ್ತು ವ್ಯಾಟ್. ತಡೆ ಕಮ್ಮಿಯಾಗಿ ಕರೆಂಟ್ ಹೆಚ್ಚು ನುಗ್ಗುತ್ತಿತ್ತು. ಮೇಣ ಹೊಗೆಯಾಡದೆ ಇನ್ನೇನಾದೀತು?

"ತಂತಿಯವನು ಕೈಕೊಟ್ಟಿದ್ದಾನಮ್ಮಾ. ಒಲೆ ಇಲ್ಲೇ ಇರಲಿ," ಎಂದವನೇ ಚಪ್ಪಲಿ ಮೆಟ್ಟಿ ಹೊರಟ.

ತಂತಿ ಅಂಗಡಿಯವನು ಅವನ ಬಾಲ್ಯದ ಗೆಳೆಯ. ಅಲ್ಲಿ ಮೂರ್ನಾಲ್ಕು ಗಿರಾಕಿಗಳಿದ್ದರೂ ಐದುಮಾರು ಹಿಂದುಮುಂದು ನೋಡಲಿಲ್ಲ.

"ಲೋ, ಎಂಥಾ ಕಸ ಮಾರ್ತಿದ್ದೀಯೋ? ಚಿಕ್ಕಂದಿನ ಸ್ನೇಹಕ್ಕೆ ಇದೇನಾ ಮರ್ಯಾದೆ?"

ಗೆಳೆಯ ಅವನಿಗೆ ಕೊಟ್ಟಿದ್ದ ಸುರುಳಿಯಿಂದಲೇ ಒಂದು ಮೀಟರ್ ತಂತಿಯನ್ನು ಪಟ್ಟಿಯಿಟ್ಟು ಕತ್ತರಿಸಿ, ಎರಡೂ ತುದಿಗೆ ತಡೆ ಅಳೆಯುವ ಮೀಟರಿನ ಕಡ್ಡಿ ಮುಟ್ಟಿಸಿದ.

"ಆರು ಪಾಯಿಂಟ್ ನಾಲ್ಕು ಓಮ್. ಅವತ್ತೂ ಇಷ್ಟೇ, ಇವತ್ತೂ ಇಷ್ಟೇ. ಎಲ್ಲಿ, ಒಂದು ಮಾರು ಹಾಕು ನೋಡೋಣ."

ಐದುಮಾರು ತಂತಿ ಹಿಡಿದು ಗತ್ತಿನಿಂದ ತೋಳು ಚಾಚಿದ. ಬಲಗೈ ನೆಟ್ಟಗೆ ನಿಂತಿತು. ಏಳು ತಿಂಗಳ ಹಿಂದೆ ಏಣಿಯಿಂದ ಬಿದ್ದಾಗ ಪೆಟ್ಟು ತಿಂದಿದ್ದ ಎಡಗೈ ಮೊಣಕೈಯಲ್ಲಿ ಬಾಗಿಯೇ ಉಳಿಯಿತು. ಅವನಿಗೇನೋ ಅದು ಪೂರ್ತಿ ಚಾಚಿದಂತೆಯೇ ಅನಿಸುತ್ತಿತ್ತು. ಗೆಳೆಯ ಎದೆಯ ನಡುವಿನಿಂದ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಪಟ್ಟಿ ಹಿಡಿದ. ಎಡಗಡೆ ಒಂದು ಗೇಣು ಕಮ್ಮಿ.

ಐದು ಮಾರಿಗೆ ಐದು ಗೇಣು, ಅಂದರೆ ಒಂದು ಮೀಟರಿಗೂ ಮೇಲೆ ತಂತಿ ಕಮ್ಮಿ; ತಂತಿ ಗಿಡ್ಡವಾದಷ್ಟೂ ತಡೆಯೂ ಕಮ್ಮಿ. ಏಳು ಓಮ್ ಎಲ್ಲಿ ಹೋಗಿತ್ತೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಏಳು ತಿಂಗಳಿಂದ ಸುತ್ತಿದ್ದನ್ನೆಲ್ಲ ವಾಪಸ್ ತರಿಸ್ಬೇಕು ಕಣೋ," ಎಂದ. ಆಮೇಲೆ ಗಿರಾಕಿಗಳ ಕಡೆ ತಿರುಗಿ, "ತಂತಿ ಸರಿಯಾಗೇ ಇದೆ. ಇವನದೇನೂ ತಪ್ಪಿಲ್ಲ. ನನ್ನ ತೋಳೇ ಗಿಡ್ಡ ಆಗಿದೆ," ಎಂದ.

ಯಾರೂ ನಗಲಿಲ್ಲ. ಅವನು ತೋಳು ಇಳಿಸಲು ಹೋದ.

"ಇಳಿಸ್ಬೇಡ, ಇರು," ಎಂದ ಗೆಳೆಯ. ಎಡಗೈಯಲ್ಲಿದ್ದ ತಂತಿಯ ತುದಿಯನ್ನು ತಾನು ಇಸಿದುಕೊಂಡು, ಒಂದು ಗೇಣು ಆಚೆಗೆ ಎಳೆದು ಹಿಡಿದು ನಿಂತ. "ಹೂಂ, ಎಣಿಸು."

"ಒಂದು," ಎಂದ ಐದುಮಾರು.