ಲೀಡರಿಲ್ಲದ ವ್ಯಾನು

ಕಾರ್ಲಿಂಗ್ ಕೊಲ್ಲಿಯ ಊರಿನಲ್ಲಿ ಐಲಿ ರಾಂತ ಎಂಬವಳು ಕೂತದ್ದನ್ನು ಯಾರಾದರೂ ಕಂಡಿದ್ದರೆ ಅದು ವ್ಯಾನಿನ ಸ್ಟೀರಿಂಗಿನ ಹಿಂದೆ ಮಾತ್ರ. ಊಟ ನಿಂತೇ. ಕಾಫಿಯಂತೂ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಓಡಾಡುತ್ತಲೇ ಮುಗಿಯುತ್ತಿತ್ತು. ಅವಳನ್ನು ಕಟ್ಟಿಕೊಂಡವನು ಕೆಲವು ವರ್ಷ ತಾಳಿದ. ಆಮೇಲೆ "ನಿನ್ನ ಜೊತೆ ಸಂಸಾರ ಅಂದ್ರೆ ಮರದ ಮಿಲ್ಲೊಳಗೆ ಹಾಸಿಗೆ ಹಾಕ್ಕೊಂಡು ಮಲಗಿದ ಹಾಗೆ" ಎಂದು ಹೇಳಿ ಗಂಟುಮೂಟೆ ಕಟ್ಟಿದ. ಅವನನ್ನು ಬಸ್ಸಿಗೆ ಬಿಟ್ಟು ಬಂದವಳೂ ಅವಳೇ. ಗಾಡಿ ಓಡಿಸುವ ಅವಕಾಶ ಸಿಕ್ಕಿದರೆ ಗಂಡ ಬಿಟ್ಟು ಹೋಗುವುದೂ ಅವಳಿಗೆ ಅಷ್ಟೇನೂ ಭಾರವಾಗಿರಲಿಲ್ಲ ಎಂದು ಊರು ಆಡಿಕೊಂಡಿತು. ಊರು ಪೂರ್ತಿ ತಪ್ಪನ್ನೇನೂ ಹೇಳಲಿಲ್ಲ.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಆ ಊರಿರುವ ದ್ವೀಪದಲ್ಲೇ, ಮರ ಕಡಿಯುವವರ ಕ್ಯಾಂಪಿನಲ್ಲಿ ಹುಟ್ಟಿದವಳು ಐಲಿ. ಅಪ್ಪ ಫಿನ್ಲೆಂಡಿನಿಂದ ಬಂದ ಕೊಡಲಿಯಾಳು, ಯೂನಿಯನ್ನಿನ ಕಟ್ಟಾಳು. ಮಗಳು ಮೊದಲು ಕ್ಯಾಂಪಿನ ಅಡಿಗೆಮನೆಯಲ್ಲಿ ಪಾತ್ರೆ ತಿಕ್ಕಿದಳು, ಆಮೇಲೆ ನೀರಿನ ಲಾರಿ, ಆಮೇಲೆ ಜಲ್ಲಿ ಲಾರಿ. ಕಣಿವೆಯ ಮೇಲ್ಗಡೆ ಉಳಿದಿದ್ದ ಕೊನೆಯ ಹಳೇ ಕಾಡಿಗೆ ಕಂಪನಿ ಕೈ ಹಾಕಿದಾಗ ಅದೇ ಜಲ್ಲಿ ಲಾರಿಯನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಕೀಲಿಯನ್ನು ಹೊಳೆಗೆ ಎಸೆದಳು. ಕಾಡು ಕಡಿದು ಬದುಕುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಅಪ್ಪ ಮಾತು ಬಿಟ್ಟ. ಸಾಯುವ ವಾರದಲ್ಲಿ ಮಾತ್ರ, "ಲಾರಿ ಅಡ್ಡ ಹಾಕಿದ್ದೇನೋ ಸರಿಯಾಗೇ ಹಾಕಿದ್ದೆ. ಜರುಗ್ಸೋಕೇ ಆಗ್ಲಿಲ್ಲ ನೋಡು" ಎಂದ. ಅಷ್ಟೇ.

ಆ ರಸ್ತೆತಡೆಯಲ್ಲಿ ಜೊತೆ ನಿಂತವರಿಂದ ಅವಳು ಕಲಿತ ಪಾಠ ಒಂದಿತ್ತು. ಪೊಲೀಸರು ಬಂದು "ಯಾರು ಇಲ್ಲಿ ಲೀಡರ್?" ಎಂದರೆ ಎಲ್ಲರೂ ಒಟ್ಟಿಗೆ "ಲೀಡರ್ ಇಲ್ಲ" ಎನ್ನಬೇಕು. ತಲೆ ಯಾವುದು ಎಂದು ಗೊತ್ತಾದರೆ ತಾನೆ ಹಿಡಿಯುವುದು? ಉಪಾಯ ಚೆನ್ನಾಗಿಯೇ ನಡೆಯಿತು. ಎಷ್ಟು ಚೆನ್ನಾಗಿ ಎಂದರೆ, ಪೊಲೀಸರು ಹೋಗಿ, ಕಂಪನಿ ಹೋಗಿ, ಮಿಲ್ಲು ಮುಚ್ಚಿದ ಮೇಲೂ ಐಲಿ ಅದನ್ನು ಬಿಡಲಿಲ್ಲ.

ಊರಿನ ಆಸ್ಪತ್ರೆಯಲ್ಲಿ ದೊಡ್ಡ ಚಿಕಿತ್ಸೆಗಳೆಲ್ಲ ನಿಂತುಹೋದಾಗ ಡಯಾಲಿಸಿಸ್ಸಿಗೂ ಕ್ಯಾನ್ಸರ್ ಚಿಕಿತ್ಸೆಗೂ ಬೆಟ್ಟ ದಾಟಿ ಆಚೆ ದಡದ ಪಟ್ಟಣಕ್ಕೆ ಹೋಗಬೇಕಾಯಿತು. ಬಸ್ಸಿಲ್ಲ. ಐಲಿ ಒಂದು ಹಳೇ ವ್ಯಾನು ತಂದು ಪಕ್ಕದ ಮನೆಯವರನ್ನು ಕೂರಿಸಿಕೊಂಡು ಹೊರಟಳು. ಆಮೇಲೆ ಪಕ್ಕದ ಬೀದಿಯವರು, ಆಮೇಲೆ ಇಡೀ ಊರು. ಹೆಸರಿಗೆ ಕೊಲ್ಲಿ ಸವಾರಿ ಸಂಘ ಎಂದು ನೋಂದಣಿಯಾಯಿತು. ಪೆಟ್ರೋಲಿಗೆ ಶನಿವಾರ ಪಬ್ಬಿನಲ್ಲಿ ಮಾಂಸದ ಲಾಟರಿ: ಚೀಟಿ ಎತ್ತಿದರೆ ಯಾರಿಗೋ ಹಂದಿ ತೊಡೆ, ಯಾರಿಗೋ ಸಾಸೇಜು. ಬೇರೆ ಡ್ರೈವರುಗಳು ಬಂದರು, ಐಲಿಯ ಬೈಗುಳ ತಿಂದರು, ಹೋದರು. ಸ್ಟೀರಿಂಗು ಮಾತ್ರ ಅವಳ ಕೈಯಲ್ಲೇ ಉಳಿಯಿತು. ಎಪ್ಪತ್ತು ದಾಟಿದ ಮೇಲೂ.

ಆ ವರ್ಷದ ಬೇಸಿಗೆ ಮುಗಿಯುವ ಹೊತ್ತಿಗೆ ವ್ಯಾನಿನ ಗೇರ್‌ಬಾಕ್ಸು ಕೈಕೊಟ್ಟಿತು. ಏರಿನಲ್ಲಿ ಮೂರನೇ ಗೇರು ತಾನಾಗಿ ಕಳಚಿಕೊಳ್ಳುವುದು. ಐಲಿ ಮೊಣಕಾಲಿನಿಂದ ಗೇರಿನ ಕೋಲನ್ನು ಒತ್ತಿ ಹಿಡಿದು ಬೆಟ್ಟ ಹತ್ತಿಸುವಳು. ಇನ್ನೊಂದು ಚಳಿಗಾಲಕ್ಕೆ ಈ ಗಾಡಿ ಬರುವುದಿಲ್ಲ ಎಂದು ಮೆಕ್ಯಾನಿಕ್ ಕೈಯೆತ್ತಿದ. ಹಂದಿ ತೊಡೆ ಮಾರಿ ವ್ಯಾನು ಕೊಳ್ಳಲಾಗುವುದಿಲ್ಲ. ವ್ಯಾನಿಲ್ಲದಿದ್ದರೆ ರೋಗಿಗಳು ಏನಾಗುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ವ್ಯಾನಿಲ್ಲದಿದ್ದರೆ ತಾನು ಏನಾಗುತ್ತೇನೆ ಎಂಬುದನ್ನು ಐಲಿ ಯಾರಿಗೂ ಹೇಳಿರಲಿಲ್ಲ. ಗೋಡೆ ನೋಡುತ್ತ ಕೂತ ತನ್ನನ್ನು ನೆನೆದರೇ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

"ಸರ್ಕಾರದ ಜೂಜಿನ ಅನುದಾನಕ್ಕೆ ಅರ್ಜಿ ಹಾಕೋಣ" ಎಂದವನು ಜಗೀರ್ ಸಿಂಗ್ ಮಾಹಲ್. ಮಿಲ್ಲಿನಲ್ಲಿ ಹಲಗೆ ಎಳೆದು ಎಳೆದು ಭುಜ ಸವೆಸಿಕೊಂಡವನು. ಈಗ ಸಂಘದ ಲೆಕ್ಕ ನೋಡಿಕೊಳ್ಳುತ್ತಿದ್ದ. ಪ್ರಾಂತ್ಯ ಸರ್ಕಾರ ಕ್ಯಾಸಿನೋಗಳಿಂದ ಗಳಿಸಿದ್ದರಲ್ಲಿ ಒಂದು ಪಾಲನ್ನು ಊರೂರಿನ ಸಂಘಗಳಿಗೆ ಹಂಚುತ್ತದೆ. ಪಕ್ಕದೂರಿನ ಅಗ್ನಿಶಾಮಕ ಸ್ವಯಂಸೇವಕರು ತಗೊಂಡಿದ್ದಾರೆ ಎಂದ.

ಐಲಿ ವ್ಯಾನಿನ ಮುಂಗಾಜು ಒರೆಸುತ್ತಿದ್ದಳು. ಆಗೆಲ್ಲ ಅವಳು ಹೊತ್ತುಗೊತ್ತಿಲ್ಲದೆ ಗಾಜು ಒರೆಸುತ್ತಿದ್ದಳು.

"ಜೂಜಿನ ದುಡ್ಡು? ಆ ಕ್ಯಾಸಿನೋ ಮೆಷಿನುಗಳು ಬರೋವಾಗ ಬೇಡ ಅಂತ ಬಾಗಿಲಲ್ಲಿ ಬೋರ್ಡು ಹಿಡ್ಕೊಂಡು ನಿಂತೋಳು ನಾನು ಜಗೀರ್!"

"ಹೌದು ಹೌದು. ಶನಿವಾರ ಹಂದಿ ತೊಡೆಗೆ ಚೀಟಿ ಎತ್ತೋಳೂ ನೀನೇ. ಅದೇನು ಭಜನೆನಾ?"

ವ್ಯಾನಿನೊಳಗಿಂದ ಎಫೀ ಮೆಕ್‌ರೇ ಕಿಸಕ್ಕೆಂದಳು. ಎಫೀ ವಾರಕ್ಕೆ ಮೂರು ಸಲ ಡಯಾಲಿಸಿಸ್ಸಿಗೆ ಹೋಗುವವಳು. ಮೂತ್ರಪಿಂಡ ಕೆಡುವ ಮೊದಲು ಪಿಂಚಣಿ ಬಂದ ದಿನವೇ ಕ್ಯಾಸಿನೋಗೆ ಓಡುತ್ತಿದ್ದವಳು. "ತಗೊಳ್ಳೇ ಐಲಿ, ನಾಚ್ಕೊಬೇಡ" ಎಂದಳು. "ಅದರಲ್ಲಿ ಅರ್ಧ ನಂದೇ ದುಡ್ಡು. ಈ ಜನ್ಮದಲ್ಲಿ ವಾಪಸ್ ಬರೋದು ಇದೊಂದೇ ದಾರಿ."

ಮರುದಿನ ಐಲಿ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾದ ಅನುದಾನ ಕಚೇರಿಗೆ ಫೋನು ಹಚ್ಚಿದಳು, ಅಡಿಗೆಮನೆಯಲ್ಲಿ ಓಡಾಡುತ್ತ. ಆ ಕಡೆಯ ಹೆಣ್ಣುಮಗಳು ಸಮಾಧಾನದವಳು. ಕೆಲಸ ಒಂದು ವರ್ಷದಿಂದಾದರೂ ನಡೆಯುತ್ತಿರಬೇಕು, ಖರ್ಚುವೆಚ್ಚದ ಲೆಕ್ಕ ಬೇಕು, ಮುಂದಿನ ವರ್ಷದ ಅಂದಾಜು ಬೇಕು, ನವೆಂಬರ್ ಮುಗಿಯುವುದರೊಳಗೆ ಹಾಕಬೇಕು ಎಂದು ಬಿಡಿಸಿ ಹೇಳಿದಳು. ಐಲಿ ಎಲ್ಲಕ್ಕೂ ಹೂಂ ಎಂದಳು.

"ನಿಮ್ಮ ಅಧ್ಯಕ್ಷರು ಯಾರು ಮೇಡಂ?"

"ನಮ್ಮಲ್ಲಿ ಲೀಡರ್ ಇಲ್ಲ."

"ಆಡಳಿತ ಮಂಡಳಿ?"

"ಅದೂ ಇಲ್ಲ. ಎಲ್ಲಾರೂ ಸೇರಿ ಮಾಡ್ತೀವಿ."

"ಸದಸ್ಯರು ಎಷ್ಟು ಜನ?"

"ಸದಸ್ಯರು ಇಲ್ಲಮ್ಮ. ಜನ ಇದ್ದಾರೆ."

ಆ ಹುಡುಗಿ, ಅನುದಾನ ಒಬ್ಬರ ಕೈಗೆ ಹೋಗುವುದಿಲ್ಲ, ಸದಸ್ಯರು ವೋಟು ಹಾಕಿ ಆರಿಸಿದ ಮಂಡಳಿಗೆ ಹೋಗುತ್ತದೆ, ಮಂಡಳಿಗಿಂತ ಸದಸ್ಯರು ಹೆಚ್ಚಿರಬೇಕು, ಅವರ ವಾರ್ಷಿಕ ಸಭೆ ನಡೆದಿರಬೇಕು ಎಂದಳು. ಐಲಿ ಫೋನು ಕುಕ್ಕಿ ನೇರ ಜಗೀರನ ಮನೆಗೆ ನಡೆದಳು. ನೋಂದಣಿ ಪತ್ರ ತೆಗೆದು ನೋಡಿದರೆ ಅದರಲ್ಲಿದ್ದ ಪದಾಧಿಕಾರಿಗಳಲ್ಲಿ ಇಬ್ಬರು ಸ್ಮಶಾನದಲ್ಲಿದ್ದರು, ಒಬ್ಬ ಮಗಳ ಮನೆ ಸೇರಿದ್ದ.

"ಪೊಲೀಸ್ರು ಕೇಳಿದ್ದನ್ನೇ ಕೇಳ್ತಾಳೆ ಆ ಹುಡುಗಿ" ಎಂದು ಐಲಿ ಗುರುಗುಟ್ಟಿದಳು.

ಜಗೀರ್ ಚಹಾ ಲೋಟ ಕೆಳಗಿಟ್ಟ. "ಪೊಲೀಸ್ರಿಗೆ ಸುಳ್ಳು ಹೇಳಿದ್ದು ಸರಿ. ನಾವೇ ಅದನ್ನ ನಂಬಿಬಿಟ್ವಲ್ಲ, ಅದು ತಪ್ಪು. ಗಾಡಿ ಯಾವಾಗ ಹೊರಡ್ಬೇಕು, ಯಾರು ಮುಂದೆ ಕೂರ್ಬೇಕು, ಕಿಟಕಿ ಎಷ್ಟು ತೆಗೀಬೇಕು, ಇದೆಲ್ಲ ಯಾರು ಹೇಳ್ತಾರೆ? ಲೀಡರ್ ಇಲ್ಲದ ಸಂಘದಲ್ಲಿ ಒಬ್ಳೇ ಲೀಡರ್ ಇದ್ದಾಳೆ. ಅವಳನ್ನ ಯಾರೂ ಆರಿಸಿಲ್ಲ, ಅದಕ್ಕೇ ಇಳಿಸೋಕೂ ಆಗಲ್ಲ."

"ಇಳಿಸೋರು ಬರಲಿ ನೋಡ್ತೀನಿ" ಎಂದು ಐಲಿ ನಕ್ಕಳು. ಅವನೂ ನಕ್ಕ. ಆಗ ಅದು ತಮಾಷೆಯೇ.

ಸಂಘಟನೆ ಎಂದರೆ ಐಲಿಗೆ ಹೇಳಿಕೊಡಬೇಕೆ? ಒಂದು ಡಾಲರ್ ಕೊಟ್ಟವರು ಸದಸ್ಯರು. ಹೋಗುವಾಗ ಬರುವಾಗ ವ್ಯಾನಿನಲ್ಲೇ ಹಿಡಿದಳು. ಕೀಮೋ ಮುಗಿಸಿ ವಾಂತಿ ಚೀಲ ಹಿಡಿದು ಕೂತವನನ್ನೂ ಬಿಡಲಿಲ್ಲ. "ಈ ವ್ಯಾನು ನಂದಲ್ಲ, ನಿಮ್ದು. ನೀವು ಬರೀ ಸಾಮಾನಿನ ಹಾಗೆ ಹತ್ತಿ ಇಳಿಯೋರಲ್ಲ. ನಾಳೆ ಸಭೇಲಿ ಕೈ ಎತ್ತೋ ಹಕ್ಕು ಇದೆ, ಬಾಯಿ ಇದೆ, ಬಳಸ್ರಿ!" ಎಂದು ಕನ್ನಡಿಯಲ್ಲಿ ಹಿಂದಿನವರ ಮುಖ ನೋಡುತ್ತ ಕೂಗಿದಳು.

"ರಸ್ತೆ ನೋಡೇ ಮಹರಾಯ್ತಿ" ಎಂದಳು ಎಫೀ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಬೆಟ್ಟದ ನೆತ್ತಿಯಲ್ಲಿ ಮಂಜು ಕವಿದಿತ್ತು. ಮುಂದೆ ಮರದ ದಿಮ್ಮಿ ಹೊತ್ತ ಲಾರಿ, ಆಮೆಯ ನಡಿಗೆ. ಅದರ ಬೆನ್ನ ಹಿಂದೆ ತೆವಳುವುದು ಐಲಿಗೆ ಆಗದ ಮಾತು. ಕಿಟಕಿ ಇಳಿಸಿ ಕಿವಿಗೊಟ್ಟಳು, ಎದುರಿನಿಂದ ಸದ್ದಿಲ್ಲ. ಮೊಣಕಾಲಿನಿಂದ ಗೇರು ಒತ್ತಿ ಹಿಡಿದು ಎಡಕ್ಕೆ ಎಳೆದಳು. ಅರ್ಧ ಲಾರಿ ದಾಟಿದ್ದಾಗ ಮಂಜಿನಿಂದ ಎರಡು ದೀಪ ಧುತ್ತೆಂದು ಹುಟ್ಟಿದವು. ಎದುರಿನವನು ಮಣ್ಣಿನ ಅಂಚಿಗೆ ಇಳಿದ, ಹಾರ್ನು ಉದ್ದಕ್ಕೂ ಕಿರುಚಿತು, ವ್ಯಾನು ನುಸುಳಿ ಮುಂದೆ ಬಂತು.

ಹಿಂದೆ ಎಫೀ ಎರಡೂ ಕೈಯಲ್ಲಿ ಕಿಟಕಿಯ ಮೇಲಿನ ಹಿಡಿಪಟ್ಟಿ ಹಿಡಿದುಕೊಂಡವಳು ಆಸ್ಪತ್ರೆ ಬರುವ ತನಕ ಬಿಡಲಿಲ್ಲ. ಆಸ್ಪತ್ರೆಯ ಮುಂದೆ ಇಳಿದು ಐಲಿ ಮತ್ತೆ ಗಾಜು ಒರೆಸಿದಳು. ಗಾಜಿನಲ್ಲಿ ಕೊಳೆ ಇರಲಿಲ್ಲ. ಎಡಗಣ್ಣಿನಲ್ಲಿ ವರ್ಷದಿಂದ ಹೊಗೆಯಂಥ ಪೊರೆ ಕೂತಿತ್ತು. ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಗಾಜನ್ನೇ ಒರೆಸುತ್ತಿದ್ದಳು.

ಸಭೆ ನವೆಂಬರಿನಲ್ಲಿ, ಹಳೇ ಯೂನಿಯನ್ ಹಾಲಿನಲ್ಲಿ. ಐಲಿ ದೊಡ್ಡ ಪಾತ್ರೆಯಲ್ಲಿ ಸಾಲ್ಮನ್ ಸೂಪು ತಂದಳು, ಜಗೀರನ ಮನೆಯಿಂದ ಪಕೋಡ ಬಂತು. ಊರುಗೋಲು, ಆಮ್ಲಜನಕದ ಸಿಲಿಂಡರು, ಗಾಲಿಕುರ್ಚಿ, ಬಾರದವರೇ ಇಲ್ಲ. ಲೆಕ್ಕ ಓದಿದ್ದಾಯಿತು, ಒಪ್ಪಿದ್ದಾಯಿತು. ಮಂಡಳಿಯ ಆಯ್ಕೆಯಲ್ಲಿ ಐಲಿಗೇ ಎಲ್ಲರಿಗಿಂತ ಹೆಚ್ಚು ಕೈ ಎದ್ದವು. ಅಧ್ಯಕ್ಷೆ ಎಂದು ಕರೆದಾಗ ಅವಳು ಮುಖ ಸಿಂಡರಿಸಿದಳು, ಆದರೆ ಒಳಗೊಳಗೇ ಹಿಗ್ಗಿದಳು. ಎಲ್ಲ ಮುಗಿಯಿತು ಎನ್ನುವಾಗ ಎಫೀ ಕೋಲೂರಿ ಎದ್ದಳು.

"ನಂದೊಂದು ಠರಾವು. ನಮ್ಮ ವ್ಯಾನು ಓಡ್ಸೋರು ಯಾರೇ ಆಗ್ಲಿ, ಕಣ್ಣು ಪರೀಕ್ಷೆ ಮಾಡಿಸಿ ಡಾಕ್ಟರ ಚೀಟಿ ತರಬೇಕು. ತರೋವರೆಗೂ ಸ್ಟೀರಿಂಗ್ ಮುಟ್ಟಬಾರದು."

ಯಾರೇ ಆಗಲಿ ಎಂದರೆ ಯಾರು ಎಂಬುದು ಗೋಡೆಗೂ ಗೊತ್ತಿತ್ತು.

"ಎಫೀ, ಇಷ್ಟು ವರ್ಷ ನಿನ್ನನ್ನ ಹೊತ್ಕೊಂಡು ಹೋದೋಳು ನಾನು."

"ಹೌದು ಕಣೇ. ಅದಕ್ಕೇ ಇಷ್ಟು ವರ್ಷ ಬಾಯಿ ಮುಚ್ಕೊಂಡಿದ್ದೆ. ನಿನ್ನ ಎದುರು ಹಾಕ್ಕೊಂಡ್ರೆ ನಮ್ಮನ್ನ ಯಾರು ಕರ್ಕೊಂಡು ಹೋಗ್ತಿದ್ರು? ಸೂಜಿಗೆ ಹೆದರಲ್ಲ ನಾನು. ನಿನ್ನ ಬೆಟ್ಟಕ್ಕೆ ಹೆದರ್ತೀನಿ. ಈಗ ವೋಟಿದೆ. ಕೊಟ್ಟೋಳೂ ನೀನೇ."

ಐಲಿ ತನ್ನ ಕಾಲದಲ್ಲಿ ಎಷ್ಟೋ ಸಭೆಗಳನ್ನು ಮುರಿದವಳು. ಕಂಪನಿಯ ಸಭೆ, ಪುರಸಭೆಯ ಸಭೆ. ಕುರ್ಚಿ ಒದೆಯುವುದು, ಹಾಡು ಎತ್ತುವುದು, ಅರ್ಧ ಜನರನ್ನು ಎಬ್ಬಿಸಿಕೊಂಡು ಹೊರನಡೆಯುವುದು. ಎಲ್ಲವೂ ನಾಲಿಗೆ ತುದಿಗೆ, ಕಾಲ ತುದಿಗೆ ಬಂದವು. ಸಭೆ ಮುರಿದರೆ ಅರ್ಜಿ ಇಲ್ಲ. ಅರ್ಜಿ ಇಲ್ಲದಿದ್ದರೆ ವ್ಯಾನಿಲ್ಲ. ಆದರೂ ಕೈಗೆ ಸಿಕ್ಕಿದ ಒಂದನ್ನು ಬೀಸಿಯೇ ಬಿಟ್ಟಳು.

"ಸರಿ. ನಾನು ಬಿಟ್ರೆ ಯಾರು ಓಡಿಸ್ತೀರಿ? ಬನ್ನಿ ಮುಂದೆ. ಆ ಬೆಟ್ಟ, ಆ ಹಿಮ, ಆ ಹಾಳು ಗೇರು. ಯಾರಿದ್ದೀರಿ?"

ಯಾರೂ ಇಲ್ಲ. ಅವಳು ಗೆದ್ದೆ ಅಂದುಕೊಂಡಳು. ಆಗ ಹಿಂದಿನಿಂದ ಪಕೋಡದ ತಟ್ಟೆ ಹಿಡಿದಿದ್ದ ಜಗೀರನ ಸೊಸೆ ಪರಮ್ ತಟ್ಟೆ ಕೆಳಗಿಟ್ಟಳು. ಶಾಲೆ ಬಸ್ಸು ಓಡಿಸುವವಳು. "ನಾನು ಓಡಿಸ್ತೀನಿ ಆಂಟಿ. ಬೆಳಿಗ್ಗೆ ಪಾಳಿ ಬಿಟ್ಟು ಮಧ್ಯಾಹ್ನದ್ದು ತಗೊಂಡ್ರಾಯ್ತು. ಎರಡು ವರ್ಷದ ಹಿಂದೆನೇ ಕೇಳಿದ್ದೆ. ನೀವೇ 'ಹೋಗ್ ಹೋಗು' ಅಂದ್ರಿ."

ಕೈಗಳು ಎದ್ದವು. ಮೊದಲು ಎಫೀಯದು, ಆಮೇಲೆ ಒಂದೊಂದಾಗಿ, ನಡುಗುವವು, ಸೂಜಿ ಚುಚ್ಚಿ ಕಪ್ಪಾದವು. ಕೊನೆಗೆ ಜಗೀರನದು, ಸವೆದ ಭುಜ, ಪೂರ್ತಿ ಮೇಲೇಳಲಿಲ್ಲ, ಆದರೆ ಎದ್ದಿತು. ಅವನು ಅವಳ ಮುಖ ನೋಡಲಿಲ್ಲ.

"ಸರ್ವಾನುಮತ ಅಂತ ಬರ್ಕೊಳ್ಳಲಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಯಾರಪ್ಪನ ಸರ್ವಾನುಮತ?" ಐಲಿ ಮೇಜು ಗುದ್ದಿದಳು. "ಒಬ್ಬಳ ವಿರೋಧ ಅಂತ ಬರಿ. ಹೆಸರು ಹಾಕಿ ಬರಿ." ಜೇಬಿನಿಂದ ಕೀಲಿ ತೆಗೆದು ಎಫೀಯ ಸೂಪಿನ ಬಟ್ಟಲಿನ ಪಕ್ಕದಲ್ಲಿ ಕುಕ್ಕಿದಳು. ಹೊಳೆ ಹತ್ತಿರವಿದ್ದಿದ್ದರೆ ಏನು ಮಾಡುತ್ತಿದ್ದಳೋ. ಸಭೆ ಮುಗಿಯುವವರೆಗೂ ಅವಳು ಗೋಡೆಯುದ್ದಕ್ಕೆ ಓಡಾಡಿದಳು, ಹೊರಗೆ ಮಾತ್ರ ಹೋಗಲಿಲ್ಲ.

ಅರ್ಜಿ ಹೋಯಿತು, ಕೊನೆಯ ವಾರದಲ್ಲಿ. ಚಳಿಗಾಲವೆಲ್ಲ ಪರಮ್ ಮೂರನೇ ಗೇರಿಗೆ ಹಗ್ಗ ಕಟ್ಟಿಕೊಂಡು ದೂಡಿದಳು. ಕಣ್ಣಿನ ಡಾಕ್ಟರು ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದರು, ಸರದಿ ಉದ್ದವಿದೆ ಎಂದರು. ಬಲಗಣ್ಣಿನ ಬಗ್ಗೆ ಹೇಳಿದ್ದನ್ನು ಐಲಿ ಯಾರಿಗೂ ತಿಳಿಸಲಿಲ್ಲ. ವಸಂತದಲ್ಲಿ ಅನುದಾನ ಬಂತು, ಕೇಳಿದ್ದಕ್ಕಿಂತ ಕಡಿಮೆ. ಹೊಸ ವ್ಯಾನು ಬರಲಿಲ್ಲ, ಹೊಸ ಗೇರ್‌ಬಾಕ್ಸು ಬಂತು. ಐಲಿ ಅಧ್ಯಕ್ಷೆಯ ಸಹಿ ಹಾಕಿ, ಅದೇ ಕೈಯಲ್ಲಿ ಸರ್ಕಾರಕ್ಕೆ ಇನ್ನೊಂದು ಪತ್ರ ಬರೆಸಿದಳು: ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸುವುದು ಜೂಜುಕೋರರ ಕೆಲಸವಲ್ಲ, ನಿಮ್ಮ ಕೆಲಸ, ಬಸ್ಸು ಬಿಡಿ. ಉತ್ತರ ಬರಲಿಲ್ಲ. ಐಲಿ ಧರಣಿಯ ಬೋರ್ಡುಗಳಿಗೆ ಬಣ್ಣ ಬಳಿಯಲು ಶುರುಮಾಡಿದ್ದಾಳೆ.

ಈಗ ಅವಳು ಮುಂದಿನ ಸೀಟಿನಲ್ಲಿ, ಪರಮ್‌ಳ ಬಲಕ್ಕೆ ಕೂರುತ್ತಾಳೆ. ಮುಟ್ಟಲು ಏನೂ ಇಲ್ಲ. ಬಲಗಾಲು ಮಾತ್ರ ಇಲ್ಲದ ಪೆಡಲನ್ನು ಒತ್ತುತ್ತಲೇ ಇರುತ್ತದೆ. ಆ ಜಾಗದಲ್ಲಿ ರಬ್ಬರು ಹಾಸು ಸವೆದು ತಗಡು ಕಾಣುತ್ತಿದೆ. ಬೆಟ್ಟದ ಮೇಲೆ ದಿಮ್ಮಿ ಲಾರಿ ಸಿಕ್ಕಿದರೆ ಪರಮ್ ವೇಗ ತಗ್ಗಿಸಿ ಹಿಂದೆ ನಿಲ್ಲುತ್ತಾಳೆ.

"ದಾಟೇ, ರಸ್ತೆ ಖಾಲಿ ಇದೆ" ಎನ್ನುತ್ತಾಳೆ ಐಲಿ.

"ಖಾಲಿ ಇರೋದು ಕಾಣ್ತಾ ಇದ್ಯಾ ಆಂಟಿ?"

ಹಿಂದಿನಿಂದ ಎಫೀ, ಪಟ್ಟಿ ಹಿಡಿಯದೆ ಕೈಕಟ್ಟಿ ಕೂತವಳು, "ಠರಾವು ತಗೊಂಡು ಬಾ ಅಧ್ಯಕ್ಷೆ, ಕೈ ಎತ್ತೋಣ" ಎನ್ನುತ್ತಾಳೆ. ಲಾರಿ ತೆವಳುತ್ತದೆ, ವ್ಯಾನು ಅದರ ಹಿಂದೆ ತೆವಳುತ್ತದೆ, ಐಲಿಯ ಕಾಲು ತಗಡನ್ನು ಒತ್ತುತ್ತಲೇ ಇರುತ್ತದೆ.