ದೊರೆ ಸೈಕಲ್ಲಿನ ಹಾಲಿನ ಕ್ಯಾರಿಯರ್

ನನಗೆ ಹಳೇ ಸೈಕಲ್ಲಿನ ಹುಚ್ಚು. ಅದೂ ಸಿಕ್ಕಿದ ಹಳೆಯದೆಲ್ಲ ಅಲ್ಲ. ಎರಡನೇ ಮಹಾಯುದ್ಧಕ್ಕಿಂತ ಮುಂಚೆ ಅಮೆರಿಕದಲ್ಲಿ ಮಾಡಿದ್ದೇ ಆಗಬೇಕು. ನಮ್ಮ ಚಿನ್ನದ ಗಣಿಗೆ ಬಂದ ದೊರೆಗಳಲ್ಲಿ ಯಾರೋ ಕೆಲವರು ಅಂಥವನ್ನು ಹಡಗಿನಲ್ಲಿ ತರಿಸಿಕೊಂಡಿದ್ದರು. ಹೋಗುವಾಗ ಬಂಗಲೆಯ ಆಳುಕಾಳುಗಳಿಗೆ ಕೊಟ್ಟು ಹೋದರು. ಬಂಗಾರಪೇಟೆಯ ಹೈಸ್ಕೂಲಿನಲ್ಲಿ ಕ್ರಾಫ್ಟ್ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಅವನ್ನು ಹುಡುಕುವುದೇ ನನ್ನ ಕೆಲಸವಾಯಿತು. ಇಷ್ಟು ವರ್ಷ ಅಲೆದರೂ ಸಿಕ್ಕಿದ್ದು ಮೂರೇ ಮೂರು. "ನನಗೆ ಮೂರು ಜನ ಸವತಿಯರು" ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಾಳೆ. ಅವಳ ಮೆತ್ತನೆಯ ಹತ್ತಿ ಸೀರೆಗಳೆಲ್ಲ ಅವನ್ನು ಒರೆಸುವುದಕ್ಕೇ ಹರಿದು ಹೋದವು ಎಂಬುದು ಅವಳ ದೂರು. ಅದು ಸುಳ್ಳೇನಲ್ಲ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಜಗಳ ಖಾಯಂ. ಮಿಕ್ಸಿ, ಸ್ಕೂಟರು, ಈಳಿಗೆಮಣೆ ಎಲ್ಲಕ್ಕೂ ಕುಂಕುಮವಿಟ್ಟುಕೊಂಡು ಬರುವ ಅವಳು ಸೈಕಲ್ಲುಗಳ ಹತ್ತಿರ ಬಂದರೆ ನಾನು ಅಡ್ಡ ನಿಲ್ಲುತ್ತಿದ್ದೆ. ಅರಿಸಿನ ಕುಂಕುಮ ಕೂತರೆ ಹಳೇ ಲೋಹದ ಹೊಳಪು ಹೋಗುತ್ತದೆ ಎಂಬುದು ನನ್ನ ವಾದ. "ಪೂಜೆಗೂ ಬಾರದ ಸಾಮಾನು ಮನೇಲಿ ಯಾತಕ್ಕೆ?" ಎಂದು ಅವಳು ಕೇಳುತ್ತಿದ್ದಳು. ನಾನು ಬಟ್ಟೆ ತೆಗೆದುಕೊಂಡು ಮತ್ತೆ ಒರೆಸಲು ಕೂರುತ್ತಿದ್ದೆ.

ಮೂರನೆಯದು ಸಿಕ್ಕಿದ್ದು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ಒಂದು ಹಳ್ಳಿಯಲ್ಲಿ. ನನ್ನ ಹಳೇ ಶಿಷ್ಯನೊಬ್ಬ ಡೇರಿಗೆ ಹಾಲು ಹಾಕಿ ಬರುತ್ತಿದ್ದವನು ದಾರಿಯಲ್ಲಿ ಸಿಕ್ಕಿ, "ಮೇಷ್ಟ್ರೇ, ನಮ್ ಕೊಟ್ಟಿಗೇಲೂ ಒಂದು ದೊರೆ ಸೈಕಲ್ಲೈತೆ. ಗುಜರಿಗೆ ಆಕಾನ ಅಂದ್ರೆ ನಮ್ಮಮ್ಮ ಬಿಡಾಕಿಲ್ಲ. ಬಂದು ನೋಡಿ" ಎಂದ. ಅವತ್ತೇ ಹೋದೆ.

ಹುಲ್ಲಿನ ಮರೆಯಲ್ಲಿ ನಿಂತಿತ್ತು. ಮೈಗೆಲ್ಲ ಹಸಿರು ಪೇಂಟು ಬಳಿದಿದ್ದರು. ಆದರೆ ಟೈರಿನ ದಪ್ಪ ನೋಡಿದ ಕೂಡಲೇ ಹುಲ್ಲನ್ನೆಲ್ಲ ಪಕ್ಕಕ್ಕೆ ಎಳೆದೆ. ಮೇಲಿನ ಎರಡು ಕಂಬಿಗಳ ನಡುವೆ ಮೋಟರ್ ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನಂಥ ತಗಡಿನ ಡಬ್ಬಿ. ಒಳಗೆ ಪೆಟ್ರೋಲಿಲ್ಲ, ಬರೀ ಜಂಬ. ಹ್ಯಾಂಡಲ್ಲಿನಲ್ಲಿ ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಅಮೆರಿಕದ್ದೇ, ಅನುಮಾನವೇ ಇಲ್ಲ. ಹಿಂದೆ ಮಾತ್ರ ಒಂದು ರಾಕ್ಷಸ ಕ್ಯಾರಿಯರ್ ಕೂತಿತ್ತು. ಗಣಿಯಲ್ಲಿ ಬಂಡೆ ಕೊರೆದು ಸವೆದ ಉಕ್ಕಿನ ಸರಳುಗಳನ್ನು ಬಗ್ಗಿಸಿ, ಎರಡು ಕಡೆ ಹಾಲಿನ ಕ್ಯಾನು ತೂಗುಹಾಕಲು ಕೊಕ್ಕೆ ಮಾಡಿ, ಸೈಕಲ್ಲಿನ ಮೈಗೇ ಬೆಸುಗೆ ಹಾಕಿದ್ದರು. ಅದರ ತೂಕವೇ ಅರ್ಧ ಸೈಕಲ್ಲಿನಷ್ಟಿತ್ತು.

ಹಸುವಿನ ಕೆಚ್ಚಲು ತೊಳೆಯುತ್ತಿದ್ದ ಶಿಷ್ಯನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಎಪ್ಪತ್ತು ದಾಟಿದವರು. ಅವರ ಮಾವ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದರಂತೆ. ಗಂಡ ಅದೇ ಸೈಕಲ್ಲಿನಲ್ಲಿ ನಲವತ್ತು ವರ್ಷ ಕೆಜಿಎಫ್‌ನ ಮೈಸೂರು ಮೈನ್ಸ್ ಗಣಿಯ ಕಾಲೋನಿಯಲ್ಲಿ ಮನೆಮನೆಗೆ ಹಾಲು ಹಾಕಿದವರು, ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನಾನು ಬೆಲೆಯ ಮಾತೆತ್ತಿದೆ.

"ದುಡ್ಡು ಬ್ಯಾಡ ಮೇಷ್ಟ್ರೇ. ಇಲ್ಲಿದ್ರೆ ತುಕ್ಕು ತಿಂತದೆ, ಇಲ್ದಿದ್ರೆ ಇವ್ನು ಗುಜರಿಗೆ ಆಕ್ತಾನೆ. ನೀವು ಜ್ವಾಪಾನವಾಗಿ ಮಡೀಕಳಿ. ವರ್ಷಾ ವರ್ಷ ಆಯುಧಪೂಜೆಗೆ ನಾನು ಬತ್ತೀನಿ. ಕುಂಕುಮ ನಾನೇ ಇಕ್ಬೇಕು, ಅಷ್ಟೇಯ."

ಒಪ್ಪಿದೆ. ಆ ಸೈಕಲ್ಲಿಗೆ ನಾನು ಯಾವ ಷರತ್ತಿಗಾದರೂ ಒಪ್ಪುತ್ತಿದ್ದೆ.

ಐದು ತಿಂಗಳು ಅದರ ಮುಂದೆಯೇ ಕೂತೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ನೆನೆಸುವುದು, ಬಿದಿರಿನ ಚಕ್ಕೆಯಿಂದ ಅಂಗುಲ ಅಂಗುಲವಾಗಿ ಕೆರೆಯುವುದು. ಕಬ್ಬಿಣದಿಂದ ಕೆರೆದರೆ ಕೆಳಗಿನ ಬಣ್ಣವೂ ಹೋಗುತ್ತದೆ. ಹಸಿರಿನ ಕೆಳಗೆ ನೀಲಿ ಬಂತು. ನೀಲಿಯ ಕೆಳಗೆ, ಒಂದು ಬೆಳಿಗ್ಗೆ, ಕಾರ್ಖಾನೆಯಲ್ಲಿ ಬಳಿದಿದ್ದ ಕೆಂಗಂದು ಬಣ್ಣ, ಅದರ ಅಂಚಿಗೆ ಕೂದಲೆಳೆಯಂಥ ಚಿನ್ನದ ಗೆರೆ. ಹೆಂಡತಿಯನ್ನು ಕೂಗಿ ಕರೆದೆ. ಒಲೆಯ ಮೇಲೆ ಒಗ್ಗರಣೆ ಬಿಟ್ಟು ಬಂದವಳು ನೋಡಿ, "ಚೆನ್ನಾಗಿದ್ದಾಳೆ" ಎಂದು ಹೋದಳು.

ಹ್ಯಾಂಡಲ್ಲಿನ ಕೆಳಗೆ, ಮುಂಭಾಗದಲ್ಲಿ, ಹೆಬ್ಬೆರಳು ದಪ್ಪದ ಕೆಂಪು ಗಟ್ಟಿಯೊಂದು ಅಂಟಿತ್ತು. ವರ್ಷ ವರ್ಷವೂ ಒಂದರ ಮೇಲೊಂದು ಇಟ್ಟ ಅರಿಸಿನ ಕುಂಕುಮ, ಎಣ್ಣೆ ಧೂಳಿನ ಜೊತೆ ಸೇರಿ ಕಲ್ಲಾಗಿತ್ತು. ಅದು ಬಿದಿರಿಗೆ ಬಗ್ಗಲಿಲ್ಲ. ಬ್ಲೇಡು ತಂದು ಎಬ್ಬಿಸಿದೆ. ಅಡಿಯಲ್ಲಿ ಕಂಪನಿಯ ಹೆಸರು ಕೊರೆದ ಹಿತ್ತಾಳೆಯ ಬಿಲ್ಲೆ ಸಿಕ್ಕಿತು. ಹುಣಸೆಹಣ್ಣು ಹಾಕಿ ಉಜ್ಜಿದೆ, ಫಳಫಳ ಎಂದಿತು. ಆಮೇಲೆ ಗರಗಸದಲ್ಲಿ ಕ್ಯಾರಿಯರನ್ನು ಕೊಯ್ದು ತೆಗೆದು ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಗುಜರಿಗೆ ಹಾಕಿ ಬಂದೆ. ಈಗಿನ ಹುಡುಗರ ಗೇರ್ ಸೈಕಲ್ಲಿನ ಟೈರು ಅದಕ್ಕೆ ಸರಿಯಾಗಿ ಕೂತಿತು. ಎಂಬತ್ತು ವರ್ಷದ ಹಿಂದೆ ಹಡಗಿನಿಂದ ಇಳಿದ ಹಾಗೆಯೇ ನಿಲ್ಲಿಸಿದ್ದೆ. ಶಿಷ್ಯನ ತಾಯಿ ನೋಡಿ ಬೆರಗಾಗುತ್ತಾರೆ ಎಂದು ದಿನ ಎಣಿಸಿದೆ.

ಆಯುಧಪೂಜೆಯ ದಿನ ಬೆಳಿಗ್ಗೆಯೇ ಆಟೋದಲ್ಲಿ ಬಂದರು. ಹೊಸ ಸೀರೆ ಉಟ್ಟಿದ್ದರು. ಕೈಯಲ್ಲಿ ಚೆಂಡುಹೂವಿನ ಹಾರ, ಒಂದು ಬೂದುಗುಂಬಳ. ಮೂರೂ ಸೈಕಲ್ಲುಗಳನ್ನು ಒಮ್ಮೆ ನೋಡಿದರು.

"ನಮ್ದೆಲ್ಲಿ ಮೇಷ್ಟ್ರೇ?"

"ಇದೇ ಅಮ್ಮ" ಎಂದು ಸೀಟಿನ ಮೇಲೆ ಕೈಯಿಟ್ಟೆ.

ಹತ್ತಿರ ಬಂದು ಸುತ್ತು ಹಾಕಿದರು. ಮುಂದಿನ ಬಿಲ್ಲೆಯ ಮೇಲೆ ಬೆರಳಾಡಿಸಿದರು. ಹಿಂದಕ್ಕೆ ಬಂದು, ಕ್ಯಾರಿಯರ್ ಇದ್ದ ಜಾಗದಲ್ಲಿ ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು ನಿಂತರು.

"ನನ್ ಮಗನ್ನ ಎತ್ತ ಬಾಣಂತಿ, ಆಸ್ಪತ್ರೆಯಿಂದ ಆ ಕ್ಯಾರಿಯರ್ ಮ್ಯಾಲೇ ಕೂತ್ಕಂಡು ಮನೆಗೆ ಬಂದೆ. ನಮ್ಮೆಜಮಾನ್ರು ದಾರಿಯುದ್ದ ತಳ್ಕಂಡೇ ಬಂದ್ರು, ತುಳಿದ್ರೆ ಎತ್ತಾಕ್ತದೆ ಅಂತ." ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ಇದು ದೊರೆ ಸೈಕಲ್ಲು ಮೇಷ್ಟ್ರೇ. ಚೆಂದಾಗೈತೆ. ದೊರೆ ಸೈಕಲ್ಲಿಗೆ ನಾನ್ಯಾಕೆ ಪೂಜೆ ಮಾಡ್ಲಿ?"

ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ, ನನ್ನ ನಾಲಿಗೆಯೇನೂ ಕಡಿಮೆಯದಲ್ಲ. ಅವರು ಬೈಯಲಿಲ್ಲ. ಹಾರವನ್ನು ನಮ್ಮ ಸ್ಕೂಟರಿಗೆ ಹಾಕಿ, ಹೆಂಡತಿ ಕೊಟ್ಟ ಕಾಫಿ ಕುಡಿದು ಹೋದರು. ನನಗೆ ಅಳು ಬಂತು. ಒಂದು ಜೀವಮಾನದ ದುಡಿಮೆಯನ್ನು ಕೊಳೆ ಎಂದು ಒರೆಸಿ ಹಾಕಿದ್ದೆ, ಮೇಲೆ ಮೆಚ್ಚುಗೆಗೂ ಕಾದಿದ್ದೆ.

ಮರುದಿನವೇ ಆಂಡರ್ಸನ್‌ಪೇಟೆಗೆ ಓಡಿದೆ. ಗುಜರಿಯವನು ನಕ್ಕ. "ಆ ಕ್ಯಾರಿಯರ್ ತಾನೇ ಸಾರ್? ರೊಂಬ ಗಟ್ಟಿ, ಒಡೆಯೋಕೆ ಮನಸ್ಸು ಬರ್ಲಿಲ್ಲ. ನಮ್ಮ ಮನೆಯವ್ಳು ಪಾತ್ರೆ ಕವುಚೋಕೆ ಇಟ್ಕೊಂಡವ್ಳೆ." ಆ ಹೆಣ್ಣುಮಗಳಿಗೆ ಒಂದು ಹೊಸ ಸ್ಟೀಲ್ ಸ್ಟ್ಯಾಂಡು ಕೊಡಿಸಿ ಅದನ್ನು ಬಿಡಿಸಿಕೊಂಡು ಬಂದೆ.

ತಂದಿದ್ದಾಯಿತು, ಕೂರಿಸುವುದು ಹೇಗೆ? ಬೆಸುಗೆ ಹಾಕಿದರೆ ಬೆಂಕಿಗೆ ಹಳೇ ಬಣ್ಣ ಸುಟ್ಟುಹೋಗುತ್ತದೆ. ಐದು ತಿಂಗಳು ಕಣ್ಣಿಟ್ಟು ಉಳಿಸಿದ ಬಣ್ಣ ಅದು, ಮತ್ತೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಟ್ಟು ಬೋಲ್ಟು ಹಾಕಿ ಸುಮ್ಮನೆ ನಿಲ್ಲಿಸಬಹುದಿತ್ತು. ಆದರೆ ಅದು ಭಾರ ತಡೆಯುವುದಿಲ್ಲ. ಭಾರ ಹೊರದ ಕ್ಯಾರಿಯರ್ ತೋರಿಸಿದರೆ ಆಕೆಗೆ ಎರಡನೇ ಸಲ ಮೋಸ ಮಾಡಿದ ಹಾಗೆ. ಮೂರು ವಾರ ಒದ್ದಾಡಿ, ಕೊನೆಗೆ ವೆಲ್ಡಿಂಗ್ ಅಂಗಡಿಗೆ ತಳ್ಳಿಕೊಂಡು ಹೋದೆ. ಕಿಡಿ ಹಾರುವಾಗ ಈಚೆಗೆ ತಿರುಗಿ ನಿಂತೆ. ಆಮೇಲೆ ನೋಡಿದರೆ ನಾಲ್ಕು ಕಡೆ ಅಂಗೈಯಗಲ ಬಣ್ಣ ಕರಕಲಾಗಿತ್ತು, ಚಿನ್ನದ ಗೆರೆ ಅರ್ಧಕ್ಕೇ ನಿಂತಿತ್ತು. 

ಮಾರನೆಯ ದಿನ ಸೈಕಲ್ಲನ್ನು ಅವರ ಹಳ್ಳಿಗೇ ತುಳಿದುಕೊಂಡು ಹೋದೆ. ಆಕೆ ಕರಕಲನ್ನು ನೋಡಿದರು, ನನ್ನ ಮುಖ ನೋಡಿದರು. ಮಗನಿಗೆ ಹೇಳಿ ತುಂಬಿದ ಎರಡು ಕ್ಯಾನು ತರಿಸಿ ಕೊಕ್ಕೆಗಳಿಗೆ ತೂಗುಹಾಕಿಸಿದರು. ಕ್ಯಾರಿಯರ್ ಅಲುಗಲಿಲ್ಲ. ಆಮೇಲೆ ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು.

ಆ ಬಿಲ್ಲೆಯ ಮೇಲೆ ಬೊಟ್ಟು ಇಡುತ್ತಾರೆ ಎಂದುಕೊಂಡೆ. ಅವರು ಬಟ್ಟಲನ್ನು ನನ್ನ ಕಡೆ ಚಾಚಿದರು.

"ನಲವತ್ತು ವರ್ಷದ್ದು ಕೆರ್ದೋರು ನೀವು. ಮತ್ತೆ ಅಷ್ಟು ದಪ್ಪ ಆಗೋವರ್ಗೂ ಇಕ್ಕಾಕೆ ನಾನಿರ್ತೀನಾ? ನೀವೇ ಸುರು ಮಾಡಿ."

ಬ್ಲೇಡು ಹಿಡಿದಿದ್ದ ಕೈಯಿಂದಲೇ ಮೊದಲ ಬೊಟ್ಟು ಇಟ್ಟೆ.