ಮಗಳಿಗೆ ಕೀ ಕೊಡುವ ಮುಂಚೆ ಹಾಕಿಸಿದ ಡಿಸ್ಕು

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಟ್ರ್ಯಾಕ್ಟರ್ ಹತ್ತಿದವನು ನಾನು. ಯಾರ ಹಂಗಿಗೂ ಬೀಳದೆ ದುಡಿದು ದುದ್ದದಲ್ಲಿ ಮನೆ ಕಟ್ಟಿದೆ, ಟಿಪ್ಪರ್ ಇಟ್ಟೆ. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಗಾಡಿಗೆ ಏನು ಕಾಯಿಲೆ ಅಂತ ಹೇಳಬಲ್ಲೆ ಅನ್ನೋ ಜಂಬ ನನಗೆ ಮೊದಲಿನಿಂದಲೂ ಇತ್ತು. ಆ ಜಂಬದಲ್ಲೇ ವಯಸ್ಸಾದ ಮೇಲೆ ಒಂದು ಟರ್ಬೊ ಕಾರು ತಗೊಂಡೆ. ಸೆಕೆಂಡ್ ಹ್ಯಾಂಡು, ನೆಲಕ್ಕೆ ಅಂಟಿಕೊಂಡ ಹಾಗಿರೋದು. ಚನ್ನರಾಯಪಟ್ಟಣದ ಹೈವೇಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಮೆತ್ತಿಕೊಳ್ಳುತ್ತಿತ್ತು. ನಮ್ಮನೆಯವಳು ಸೆರಗು ಬಾಯಿಗಿಟ್ಟುಕೊಂಡು, "ಇದೇನ್ ರಾಕೆಟ್ಟಾ? ನಿಮ್ಗೆ ಯಾವ್ ಊರ್ಗ್ ಓಗೋ ಅರ್ಜೆಂಟು?" ಅನ್ನೋಳು.

ಆ ಕಾರಿಗೆ ಒಂದು ತೊಂದರೆ ಶುರುವಾಯಿತು. ಜೋರಾಗಿ ಹೋಗಿ ಬ್ರೇಕ್ ಹಾಕಿದರೆ ಸ್ಟೇರಿಂಗ್ ನಡುಗೋದು. ಚಕ್ರದ ಹಿಂದೆ ಚಕ್ರದ ಜೊತೆಗೇ ತಿರುಗುವ ಕಬ್ಬಿಣದ ತಟ್ಟೆ ಇರುತ್ತದಲ್ಲ, ಡಿಸ್ಕು, ಅದು ಸೊಟ್ಟಗಾಗಿದೆ ಅಂತ ನನಗೆ ಗೊತ್ತಾಯಿತು. ಟಿಪ್ಪರಿನ ಬ್ರೇಕ್ ಡ್ರಮ್ ಸವೆದು ಗೀರು ಬಿದ್ದರೆ ಲೇತ್ ಮಿಷಿನ್ನಿಗೆ ಹಾಕಿಸಿ ಕೆರೆಸಿ ನೈಸ್ ಮಾಡಿಸೋದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ಇದೂ ಕಬ್ಬಿಣ ತಾನೇ ಅಂತ ಬಿಚ್ಚಿಸಿ ಲೇತಿಗೆ ಕೊಟ್ಟೆ. ನಡುಕ ನಿಂತಿತು. ಕೆಲವು ತಿಂಗಳಿಗೆ ಮತ್ತೆ ಬಂತು. ಮತ್ತೆ ಲೇತಿಗೆ ಕೊಟ್ಟೆ.

ಅಷ್ಟರಲ್ಲಿ ನನ್ನ ಮಗಳಿಗೆ ಹೊಳೆನರಸೀಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಪಾಳಿ. ದುದ್ದದಿಂದ ಹಾಸನಕ್ಕೆ ಬಸ್ಸು, ಹಾಸನದಲ್ಲಿ ಇಳಿದು ಇನ್ನೊಂದು ಬಸ್ಸು. ಒಂದು ತಪ್ಪಿದರೆ ಎರಡೂ ತಪ್ಪಿದಂತೆ. ಕಾರು ಓಡಿಸೋದು ಅವಳಿಗೆ ನಾನೇ ಕಲಿಸಿದ್ದೆ. "ಸೋಮ್ವಾರದಿಂದ ಕಾರು ನಿಂದೇ ಕಣಮ್ಮ" ಅಂತ ಎಲ್ಲರ ಮುಂದೆ ಮಾತು ಕೊಟ್ಟುಬಿಟ್ಟೆ.

ಅದರ ಹಿಂದಿನ ಶುಕ್ರವಾರ ಕೆಲಸದ ಮೇಲೆ ಅರಕಲಗೂಡಿಗೆ ಹೋಗಿದ್ದೆ. ವಾಪಸ್ ಬರುವಾಗ ಗೊರೂರು ದಾಟಿ ಒಂದು ಇಳಿಜಾರಿನಲ್ಲಿ ಕಾರು ಹಾಯಾಗಿ ಇಳಿಯುತ್ತಿತ್ತು. ಕಟ್ಟಾಯದ ಕಡೆಯ ರಸ್ತೆಯಿಂದ ಹುಲ್ಲು ತುಂಬಿದ ಟ್ರ್ಯಾಕ್ಟರ್ ಅಡ್ಡ ಬಂತು. ಬ್ರೇಕ್ ಒತ್ತಿದೆ. ಸ್ಟೇರಿಂಗ್ ಕೈಯಲ್ಲಿ ಹಿಡಿದ ಕೋಳಿಯ ಹಾಗೆ ಒದ್ದಾಡಿತು. ಪೆಡಲ್ ಕೆಳಗೆ ಹೋಗುತ್ತಲೇ ಇದೆ, ಕಾರು ಹೋಗುತ್ತಲೇ ಇದೆ. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಹುಲ್ಲಿನ ಎಳೆಗಳು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ಕಾರು ನಿಂತಿತು.

ಟ್ರ್ಯಾಕ್ಟರಿನವನು ತಿರುಗಿ ನೋಡಿ, "ಏನಣ್ಣಾ, ಟ್ರೇಲರ್ ಒಳಿಕ್ಕೇ ಬತ್ತಿದ್ಯಾ? ಜಾಗ ಇಲ್ಲ ಕಣಣ್ಣಾ, ಫುಲ್ಲಾಗದೆ" ಅಂತ ನಗುತ್ತಾ ಹೊರಟುಹೋದ. ನನಗೆ ನಗು ಬರಲಿಲ್ಲ. ಗಾಡಿ ಪಕ್ಕಕ್ಕೆ ಹಾಕಿ ಇಳಿದೆ. ಲೋಡ್ ಗಾಡಿ ಮಗುಚಿದಾಗಲೂ ಬೀಡಿ ಹಚ್ಚಿಕೊಂಡು ಕೂತವನು ನಾನು. ಅವತ್ತು ಮಾತ್ರ ಡ್ರೈವರ್ ಸೀಟಿನ ಕಡೆ ನೋಡಿದರೆ ಅಲ್ಲಿ ನಾನು ಕೂತಿದ್ದು ಕಾಣಲಿಲ್ಲ, ಮಗಳು ಕೂತಿದ್ದು ಕಂಡಿತು.

ನಿಧಾನಕ್ಕೆ ಹಾಸನಕ್ಕೆ ತಂದು ನನ್ನ ಹಳೇ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ನಾವಿಬ್ಬರೂ ಟ್ರ್ಯಾಕ್ಟರ್ ಕಾಲದಿಂದ ಜೊತೆ. ಚಕ್ರ ಬಿಚ್ಚಿ, ಟಾರ್ಚ್ ಬಿಟ್ಟು ನೋಡಿ, ಅವನು ನನ್ನನ್ನು ಕೈ ಮಾಡಿ ಕರೆದ. ಡಿಸ್ಕಿನ ಅಂಚಿನಿಂದ ಒಳಕ್ಕೆ ಕೂದಲೆಳೆಯಂಥ ಒಂದು ಬಿರುಕು.

"ಇದ್ನ ಯಾವೋನಣ್ಣಾ ಲೇತಿಗಾಕಿದ್ದು?"

"ನಾನೇ ಕಣ್ಲಾ ಹಾಕ್ಸಿದ್ದು. ಎಲ್ಡ್ ಸಲ."

"ಟಿಪ್ಪರ್ ಡ್ರಮ್ಮು ಅನ್ಕಂಡ್ಯಾ? ಇದು ಒಳ್ಗೆ ಟೊಳ್ಳು. ಕ್ರೀಮ್ ಬಿಸ್ಕತ್ ಇದ್ದಂಗೆ, ಎಲ್ಡ್ ತಟ್ಟೆ, ಮಧ್ಯ ಗಾಳಿ ಆಡಕ್ಕೆ ಜಾಗ. ಆ ಕಡೆ ಈ ಕಡೆ ಕೆರೆಸ್ಬುಟ್ರೆ ಇನ್ನೇನ್ ಉಳೀತದೆ?"

"ಒಡೆದಿದ್ರೆ?"

ಅವನು ಡಿಸ್ಕಿನ ದಪ್ಪ ಅಳೆದು ನೋಡಿದ. "ಚಕ್ರ ಅಲ್ಲೇ ಕಚ್ಕಂಬುಡದು. ಇಲ್ಲ ಪೆಡ್ಲು ತಳಕ್ಕೋಗದು. ಯಾವ್ದಾದ್ರೂ ನಿನ್ ತಿಥಿ ಊಟ ನಂಗೆ ಗ್ಯಾರಂಟಿ ಇತ್ತು ಬುಡು."

ನನ್ನ ತಿಥಿಯ ಮಾತಿಗೆ ನಾನು ಹೆದರಲಿಲ್ಲ. ಅದರ ಹಿಂದಿನ ವಾರ ದೊಡ್ಡಗದ್ದವಳ್ಳಿ ದೇವಸ್ಥಾನಕ್ಕೆ ಹೋಗಿದ್ದೆವು. ಬರುವಾಗ ಅಭ್ಯಾಸ ಆಗಲಿ ಅಂತ ಸ್ಟೇರಿಂಗ್ ಮಗಳ ಕೈಗೆ ಕೊಟ್ಟಿದ್ದೆ. ಹಿಂದೆ ಅವಳಮ್ಮ. ನಾನು ಪಕ್ಕದ ಸೀಟಿನಲ್ಲಿ ತಲೆ ವಾಲಿಸಿ ನಿದ್ದೆ ಹೊಡೆದಿದ್ದೆ. ಬಿರುಕು ಆಗಲೇ ಇತ್ತೋ ಏನೋ. ಇದ್ದಿರಲೇಬೇಕು.

ಅಳತೆಗೆ ಅಂತ ಆ ಡಿಸ್ಕನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ನಾನೂ ಮೆಕ್ಯಾನಿಕ್ಕೂ ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವನು ಕೌಂಟರ್ ಮೇಲೆ ಮೂರು ಥರದ ಡಿಸ್ಕು ಇಟ್ಟ. ಒಂದು ಸಾದಾ. ಒಂದು ಮೈತುಂಬ ತೂತು ಕೊರೆದು ಪಳಪಳ ಅನ್ನೋದು. ಇನ್ನೊಂದು ಹಳೇದು.

"ತೂತಿರೋದು ಹಾಕ್ಸಿ ಯಜಮಾನ್ರೇ. ಚಕ್ರದ ಸಂದಿಲಿ ಮಿಂಚ್ತದೆ. ನಿಮ್ ಗಾಡಿಗೆ ಸಾದಾದು ಹಾಕಿದ್ರೆ ಮದುವೆ ಗಂಡಿಗೆ ಹವಾಯಿ ಚಪ್ಪಲಿ ಹಾಕ್ದಂಗೆ."

ಒಂದು ದಿನ ಮುಂಚೆ, ಗುರುವಾರ ಬಂದಿದ್ದರೆ ಅದನ್ನೇ ತಗೊಂಡು ಹೋಗುತ್ತಿದ್ದೆ. "ಆ ಹಳೇದು?" ಅಂದೆ.

"ಅದು ಕಂಪನಿದೇ ಸಾ. ಆಕ್ಸಿಡೆಂಟ್ ಗಾಡಿದು. ಮೂರ್ ಕಾಸಿನ ಸವೆತ ಇಲ್ಲ."

ಆ ಗಾಡಿಯಲ್ಲಿ ಯಾರು ಕೂತಿದ್ದರೋ. ಕೈ ಹಿಂದೆ ತೆಗೆದುಕೊಂಡೆ.

ಮಡಕೆ ತಗೊಳ್ಳುವಾಗ ಬಡಿದು ನೋಡ್ತೀವಲ್ಲ, ನಾನು ಯಾವ ಎರಕದ ಸಾಮಾನು ತಗೊಂಡರೂ ಹಾಗೇ ಬಡಿದು ನೋಡುವವನು. ಒಡಕು ಇದ್ದರೆ ದನಿ ಹೇಳುತ್ತದೆ. ನಟ್ಟು ಬಿಚ್ಚುವ ಪಾನಾ ಈಸ್ಕೊಂಡು ಒಂದೊಂದನ್ನೂ ಎತ್ತಿ ಹಿಡಿದು ಬಡಿದೆ. ಮೂರೂ ದೇವಸ್ಥಾನದ ಗಂಟೆಯ ಹಾಗೆ ಣಣ್ ಅಂದವು. ಆ ದನಿ ಕೇಳಿ ಇನ್ನೂ ಹೆದರಿದೆ. ನನ್ನ ಕಿವಿ, ನನ್ನ ಕಾಲು, ಇಷ್ಟು ವರ್ಷ ಅನ್ನ ಹಾಕಿದವು, ಯಾವುದೂ ಇಲ್ಲಿ ಏನೂ ಹೇಳುತ್ತಿಲ್ಲ.

ಸಾದಾ ಡಿಸ್ಕಿನ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಏನೋ ಕೆತ್ತಿತ್ತು. ಮೆಕ್ಯಾನಿಕ್ ಮುಂದೆ ಕೇಳೋಕೆ ಮನಸ್ಸಾಗದೆ, ಫೋಟೋ ತೆಗೆದು ಹೊರಗೆ ಬಂದು ಮಗಳಿಗೆ ಕಳಿಸಿ ಫೋನ್ ಮಾಡಿದೆ.

"ಇದಕ್ಕಿಂತ ತೆಳ್ಳಗಾದ್ರೆ ಹಾಕ್ಬಾರ್ದು ಅಂತ ಬರ್ದಿರೋದು ಅಪ್ಪಾ. ಹಳೇದ್ರ ಮೇಲೂ ಇರುತ್ತೆ ನೋಡು. ಯಾಕೆ, ಏನಾಯ್ತು?"

"ಏನಿಲ್ಲ."

"ನಿನ್ ದನಿ ಯಾಕ್ ಹಿಂಗಿದೆ?"

"ಧೂಳು ಕಣಮ್ಮ ಇಲ್ಲಿ."

ಚೀಲದಲ್ಲಿದ್ದ ನಮ್ಮ ಹಳೇ ಡಿಸ್ಕಿನ ಮೇಲೂ ಇತ್ತು. ತುಕ್ಕು ಉಜ್ಜಿದರೆ ಕಾಣುತ್ತಿತ್ತು. ಲೇತಿಗೆ ಹೊತ್ತುಕೊಂಡು ಹೋದಾಗಲೂ ಅದು ಅಲ್ಲೇ ಇತ್ತು, ಪಾರ್ಟ್ ನಂಬರ್ ಅಂದುಕೊಂಡಿದ್ದೆ.

ಒಳಗೆ ಹೋದಾಗ ಅಂಗಡಿಯವನು ಇನ್ನೂ ತೂತಿನದನ್ನೇ ಒರೆಸುತ್ತಿದ್ದ. ಮೆಕ್ಯಾನಿಕ್ ನನ್ನ ಕಿವಿಯಲ್ಲಿ, "ಬಿರುಕು ಬುಟ್ರೆ ಆ ತೂತಿನ ಬುಡದಲ್ಲೇ ಮೊದ್ಲು ಬುಡದು" ಅಂದ. ಬಿರುಕು ಅನ್ನೋ ಮಾತೇ ಸಾಕಾಯಿತು. ಸಾದಾ ಡಿಸ್ಕು, ಎರಡೂ ಕಡೆಗೆ ಜೋಡಿ, ಅದನ್ನು ಕಚ್ಚಿ ಹಿಡಿಯೋಕೆ ಹೊಸ ಪ್ಯಾಡು. ಅಂಗಡಿಯವನು ಹವಾಯಿ ಚಪ್ಪಲಿ ಕಟ್ಟಿಕೊಡುವವನ ಮುಖ ಮಾಡಿ ಕಟ್ಟಿಕೊಟ್ಟ.

ಫಿಟ್ ಮಾಡುವ ಮುಂಚೆ ಮೆಕ್ಯಾನಿಕ್ ಡಿಸ್ಕಿಗೆ ಬಳಿದಿದ್ದ ಎಣ್ಣೆಯನ್ನು ಉಜ್ಜಿ ಉಜ್ಜಿ ತೆಗೆದ. "ಮೊದ್ಲು ಜಾರ್ತದೆ, ಗಾಬರಿ ಬೀಳ್ಬ್ಯಾಡ. ಖಾಲಿ ರೋಡಲ್ಲಿ ಓಡ್ಸಿ ಓಡ್ಸಿ ಮೆಲ್ಲಗೆ ಹಿಡ್ಕಂಡು ಪಳಗ್ಸು" ಅಂದ. ಭಾನುವಾರ ಬೆಳಿಗ್ಗೆ ಒಬ್ಬನೇ ಚನ್ನರಾಯಪಟ್ಟಣದ ಹೈವೇಗೆ ಹೋದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು ವೇಗ ಏರಿಸಿ ಬ್ರೇಕ್ ಒತ್ತಿದೆ. ಜಾರಿತು. ಗೊತ್ತಿದ್ದೂ ಜೀವ ಬಾಯಿಗೆ ಬಂತು. ಹೋಗುತ್ತಾ, ಹಿಡಿಯುತ್ತಾ, ಚನ್ನರಾಯಪಟ್ಟಣ ಮುಟ್ಟುವ ಹೊತ್ತಿಗೆ ಕಚ್ಚಿ ಹಿಡಿಯತೊಡಗಿತು. ಸ್ಟೇರಿಂಗ್ ನಡುಗಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಈಗ ನಡುಗುತ್ತಿದ್ದುದು ನನ್ನ ಕಾಲು. ಅಂಥ ಕಾಲಿನ ಮಾತು ಹೇಗೆ ನಂಬೋದು?

ಸೋಮವಾರ ಮಗಳು ಊಟದ ಡಬ್ಬಿ ಹಿಡಿದುಕೊಂಡು ಬಂದು ಕೀ ಕೇಳಲಿಲ್ಲ. "ಹಳೇ ಡಿಸ್ಕ್ ಎಲ್ಲಿ?" ಅಂದಳು.

ಚೀಲದಿಂದ ತೆಗೆದು ತೋರಿಸಿದೆ. ಬೆರಳಿನಲ್ಲಿ ಬಿರುಕು ಮುಟ್ಟಿ ನೋಡಿದಳು. "ಅವತ್ತು ದೇವಸ್ಥಾನದಿಂದ ಬರುವಾಗ ನಾನೇ ಓಡ್ಸಿದ್ನಲ್ಲಪ್ಪಾ."

"ಊಂ."

ಡಿಸ್ಕನ್ನು ಚೀಲಕ್ಕೆ ಹಾಕಿ ಕೈ ಚಾಚಿದಳು. "ಕೀ ಕೊಡು."

"ಇವತ್ತೊಂದಿನ ನಾನೇ ಬಿಟ್ ಬತ್ತೀನಿ ಕಣಮ್ಮ."

"ನಾಳೆ? ನಾಡಿದ್ದು?"

ಒಳಗಿನಿಂದ ಅವಳಮ್ಮ, "ಕೊಡಿ ಅತ್ಲಾಗೆ! ಮಾತ್ ಕೊಟ್ಟೋರು ನೀವೇ ತಾನೇ" ಅಂದಳು. ಬಿರುಕಿನ ವಿಷಯ ಅವಳಿಗೆ ಗೊತ್ತಿರಲಿಲ್ಲ. ಕೀ ಕೊಟ್ಟೆ.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಫೋನು ಅಂಗೈಯಲ್ಲಿಟ್ಟುಕೊಂಡು ಜಗಲಿ ಮೇಲೆ ಕೂತೆ. ಹಾಸನ ದಾಟಿರಬಹುದು ಅಂದುಕೊಂಡೆ. ಟಿಪ್ಪರಿನ ಡ್ರೈವರ್ ಫೋನ್ ಮಾಡಿದ, ಬಯ್ದು ಇಟ್ಟೆ. ತಿಂಡಿ ತಟ್ಟೆಯಲ್ಲೇ ಆರಿತು. ಅವಳು ಓಡಿಸುತ್ತಿದ್ದಾಳೆ, ನಾನಾಗಿ ಫೋನ್ ಮಾಡಬಾರದು ಅಂತ ಹಲ್ಲು ಕಚ್ಚಿ ಕೂತಿದ್ದೆ.

ಕೊನೆಗೆ ಫೋನ್ ಬಂತು. "ಅಪ್ಪಾ, ತಲುಪ್ದೆ. ಏನ್ ಬ್ರೇಕ್ ಹಾಕ್ಸಿದ್ದೀಯಪ್ಪಾ! ಊರೊಳಗೆ ಹಸು ಅಡ್ಡ ಬಂತು ಅಂತ ಒತ್ತಿದ್ರೆ ಡಬ್ಬಿ ಹಾರಿ ಕೆಳಗ್ ಬಿತ್ತು. ಸಾರೆಲ್ಲಾ ಮ್ಯಾಟ್ ಮೇಲೆ."

"ಹಸು?"

"ಅದಕ್ಕೇನೂ ಆಗಿಲ್ಲ, ನನ್ನೇ ಗುರಾಯ್ಸ್ಕೊಂಡ್ ಹೋಯ್ತು. ಮಧ್ಯಾಹ್ನಕ್ಕೆ ನಂಗೆ ಬರೀ ಮುದ್ದೆ."

"ಓಟ್ಲಲ್ಲಿ ತಿನ್ಕೊಳಮ್ಮ" ಅಂದೆ. ಫೋನ್ ಇಟ್ಟು ಆರಿದ ತಿಂಡಿಗೆ ಕೈ ಹಾಕಿದೆ. ಒಂದು ತುತ್ತು ಇಳಿಯಿತು. ಅದೇ ರಸ್ತೆಯಲ್ಲಿ ಅವಳು ವಾಪಸ್ಸೂ ಬರಬೇಕಲ್ಲ ಅಂತ ಹೊಳೆದು ಎರಡನೇ ತುತ್ತು ಕೈಯಲ್ಲೇ ನಿಂತಿತು.